ಕರಿ ಜಾಕೀಟಿನ ಕೆಳಗಿನ ಅಂಗಿ

ಸೊಲ್ಲಾಪುರ ಸೀಮೆಯ ವಾಗದರಿಯ ನಮ್ಮ ಮಣ್ಣಿನ ಮಾಳಿಗೆ ಮನೆಗೆ ಮೂರೇ ಕೋಣೆ. ಮುಂದೆ ಕುರಿಹಟ್ಟಿಗೆ ತೆರೆದ ಪಡಸಾಲೆ, ನಡುವೆ ಒಲೆ ಮತ್ತು ಮನೆದೇವರು ಬೀರಪ್ಪನ ಜಗುಲಿ ಎರಡೂ ಇದ್ದ ನಡುಮನೆ, ಹಿಂದೆ ಬೆಳಕಿಂಡಿಯಿಂದ ಮಾತ್ರ ಬೆಳಕು ಬೀಳುತ್ತಿದ್ದ ಜೋಳದ ಕೋಣೆ. ಆ ಹಿಂದಿನ ಕೋಣೆಯಲ್ಲಿ, ಚೀಲಗಳ ಪಕ್ಕದಲ್ಲಿ, ಅವ್ವನ ತಗಡಿನ ಪೇಟಿ ಇರುತ್ತಿತ್ತು. ಅದರೊಳಗಿನದನ್ನು ಇವತ್ತಿಗೂ ಕಣ್ಣು ಮುಚ್ಚಿ ಹೇಳಬಲ್ಲೆ. ಮೂರು ಬಿಳಿ ಪಾಯಿಜಾಮ, ಎರಡು ಧೋತರ, ಸೆರಗು ಹರಿದುಹೋದ ಒಂದು ಇಳಕಲ್ ಸೀರೆ, ನವಿಲು ನೇಯ್ದ ಒಂದು ಸೊಲ್ಲಾಪುರದ ಚಾದರ, ನಾಲ್ಕು ಟವೆಲು, ತೋಳಿಲ್ಲದ ಒಂದು ಕೆಂಪು ಮಖಮಲ್ಲಿನ ಕುಪ್ಪಸ, ಒಂದು ಕರಿ ಜಾಕೀಟು, ಜರಿಪಟ್ಟಿಯ ಸುರುಳಿ. ಇವುಗಳ ಜೊತೆಗೆ ಗಂಡಸರ ಒಂದು ಅಂಗಿ. ಚಾದರದ ಒಂದು ಮೂಲೆಯಲ್ಲಿ ನೇಯ್ಗೆ ತಪ್ಪಿ ನವಿಲಿಗೆ ತಲೆಯೇ ಇರಲಿಲ್ಲ. ಅದಕ್ಕೇ ಅದು ಅಗ್ಗಕ್ಕೆ ಸಿಕ್ಕಿತ್ತು. ಇಷ್ಟರಲ್ಲಿಯೇ ಅವ್ವ ಸುತ್ತಲಿನ ಶಾಲೆಗಳ ಗ್ಯಾದರಿಂಗಿಗೆ, ಅಂದರೆ ವರ್ಷಕ್ಕೊಮ್ಮೆ ಮಕ್ಕಳು ಹಾಡಿ ಕುಣಿದು ನಾಟಕ ಆಡುವ ದಿನಕ್ಕೆ, ಬೇಕಾದ ವೇಷಗಳನ್ನೆಲ್ಲ ಮಾಡುತ್ತಿದ್ದಳು. ಪಟ್ಟಣದ ಅಂಗಡಿಯಿಂದ ವೇಷ ಬಾಡಿಗೆಗೆ ತರುವುದು ನಮ್ಮ ಕಡೆಯವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಅವ್ವನಿಗಾದರೆ ಒಂದು ಸೇರು ತೊಗರಿ ಸಾಕಿತ್ತು. ಅದನ್ನೂ ಕೊಡದವರ ಮಕ್ಕಳು ವೇಷವಿಲ್ಲದೆ ಉಳಿದದ್ದನ್ನು ನಾನು ನೋಡಿಲ್ಲ.

ಅವಳು ಯಾವುದನ್ನೂ ಕತ್ತರಿಸುತ್ತಿರಲಿಲ್ಲ. ಕತ್ತರಿಸಿದರೆ ಅದು ಒಂದೇ ವೇಷವಾಗಿ ಉಳಿಯುತ್ತದೆ. ಉದ್ದನೆಯ ಕಚ್ಚಾ ಹೊಲಿಗೆ ಹಾಕಿ ಭುಜದಲ್ಲಿ ಒಂದು ಮಡಿಕೆ, ನಡುವಿನಲ್ಲಿ ಒಂದು ಮಡಿಕೆ ಹಿಡಿದು ದೊಡ್ಡವರ ಬಟ್ಟೆಯನ್ನು ಮಗುವಿನ ಮೈಗೆ ತರುತ್ತಿದ್ದಳು. ಆಟ ಮುಗಿದ ಮರುದಿನ ದಾರ ಎಳೆದರೆ ಬಟ್ಟೆ ಮತ್ತೆ ಬಟ್ಟೆಯಾಗುತ್ತಿತ್ತು. ಪಾಯಿಜಾಮ, ಅಂಗಿ, ಮೇಲೆ ಕೆಂಪು ಕುಪ್ಪಸ, ಅದರ ಮೇಲೆ ನವಿಲು ಬೆನ್ನಿಗೆ ಬರುವಂತೆ ಚಾದರ ಹೊದಿಸಿದರೆ ರಾಜ. ಚಾದರ ತೆಗೆದು ನಡುವಿಗೆ ಟವೆಲು ಬಿಗಿದರೆ ಸೇನಾಪತಿ. ಕುಪ್ಪಸದ ಬದಲು ಕರಿ ಜಾಕೀಟು ತೊಡಿಸಿದರೆ ಊರ ಗೌಡ, ಪಾಯಿಜಾಮದ ಬದಲು ಧೋತರ ಉಡಿಸಿದರೆ ರೈತ. ಕೆಳಗಿನ ಬಟ್ಟೆ ಮೈ ಮುಚ್ಚಲಿಕ್ಕೆ, ನೋಡುವವರ ಕಣ್ಣು ಹೋಗುವುದು ಮೇಲಿನದಕ್ಕೆ ಎಂದು ನನಗೆ ಹೇಳಿಕೊಟ್ಟವಳು ಅವಳೇ. ಆದ್ದರಿಂದ ಪೇಟಿಯಲ್ಲಿದ್ದ ಆ ಒಂದು ಅಂಗಿ ಯಾವಾಗಲೂ ಏನಾದರೊಂದರ ಕೆಳಗೇ ಇರುತ್ತಿತ್ತು. ಕೊರಳ ಹತ್ತಿರ ಎರಡು ಬೆರಳು, ಮುಂಗೈ ಹತ್ತಿರ ಎರಡು ಬೆರಳು, ಅಷ್ಟೇ ಕಾಣುತ್ತಿತ್ತು.

ಅಪ್ಪನ ಅವ್ವ, ನಮ್ಮ ಆಯಿ, ಈ ಕೆಲಸವನ್ನು ಬೇಡ ಎನ್ನಲೂ ಇಲ್ಲ, ಬಾಯಿಬಿಟ್ಟು ಒಪ್ಪಲೂ ಇಲ್ಲ. ಅವಳ ಒಪ್ಪಿಗೆ ಚುಚ್ಚುಮಾತಿನ ರೂಪದಲ್ಲಿ ಬರುತ್ತಿತ್ತು.

“ಏ ಕಮಲಾ, ನಿಮ್ಮ ರಾಜಾನ ಪಾಯಿಜಾಮ ಒಣಗ್ಯಾದೇನು ನೋಡು. ಹೋತ ಬಂದು ತುದಿ ತಿನ್ನಾಕತ್ತದ.”

“ಓಡಸ್ರಿ ಅತ್ತಿ. ನಾಳಿ ಅದೇ ರಾಜಾ ಪೋಲೀಸ ಆಗಾಂವ ಇದ್ದಾನ.”

“ಆಗ್ಲಿ. ಮದಲ ನನ್ನ ಹೋತನ್ನ ಹಿಡೀಲಿ.”

ನನಗೆ ಎಂಟು ತುಂಬುವಾಗ ಅಪ್ಪ ತೀರಿಕೊಂಡ. ನಾಲ್ಕು ದಿನ ಜ್ವರ, ಐದನೆಯ ದಿನ ಇಲ್ಲ. ದಿನಕರ್ಮ ಮುಗಿದ ಬೆಳಿಗ್ಗೆ ಆಯಿ ಅವನ ಬಟ್ಟೆಗಳನ್ನೆಲ್ಲ ಒಂದು ಗಂಟಿನಲ್ಲಿ ಕಟ್ಟಿದಳು. ಧೋತರ, ರುಮಾಲು, ಕಂಬಳಿ, ಗೂಟಕ್ಕೆ ತೂಗುಹಾಕಿದ್ದ ಚೀಲ ಕೂಡ. ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು, ಉಟ್ಟ ಬಟ್ಟೆ ಇದ್ದಲ್ಲಿಗೆ ಜೀವ ತಿರುಗಿ ಬರುತ್ತದೆ, ಬಂದರೆ ಎಳೆಯ ಮಕ್ಕಳ ಮೈಗೆ ಹತ್ತುತ್ತದೆ ಎನ್ನುವುದು ನಮ್ಮ ಓಣಿಯ ಎಲ್ಲ ಮನೆಗಳ ನಂಬಿಕೆಯಾಗಿತ್ತು. ಬೇರೆ ಊರಿಗೆ ಹೋಗುತ್ತಿದ್ದ ಒಬ್ಬ ದಾರಿಹೋಕನಿಗೆ ಆಯಿ ಆ ಗಂಟನ್ನು ಕೊಟ್ಟು, ಹಿಂದೆ ನೋಡದೆ ಒಳಗೆ ಬಂದಳು. ಅಳಲಿಲ್ಲ. ಗೂಟಗಳನ್ನು ಸಗಣಿ ನೀರಿನಿಂದ ಒರೆಸಿದಳು. ಅವ್ವ ಒಲೆಯ ಮುಂದೆ ಕುಳಿತಿದ್ದಳು, ತಿರುಗಲಿಲ್ಲ. ತಗಡಿನ ಪೇಟಿ ಮನೆಗೆ ಬಂದದ್ದು ಅದಾದ ಕೆಲವು ತಿಂಗಳಿಗೆ. ಸೊಲ್ಲಾಪುರದ ಮಂಗಳವಾರದ ಪೇಟೆಯಲ್ಲಿ ನೆಲದ ಮೇಲೆ ಹರವಿ ಮಾರುವ ಹಳೆ ಬಟ್ಟೆಗಳಿಂದ ಒಂದೊಂದನ್ನೇ ಆರಿಸಿ ಅವ್ವ ಅದನ್ನು ತುಂಬಿದಳು ಎಂದು ಎಲ್ಲರಿಗೂ ಗೊತ್ತಿತ್ತು.

ಒಂದನ್ನು ಬಿಟ್ಟು. ಹತ್ತನೆಯ ವರ್ಷದಲ್ಲಿ ಬಟ್ಟೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂತು. ಬಾವಿಯ ಕಲ್ಲಿನ ಮೇಲೆ ಆ ಅಂಗಿಯ ಕೊರಳಪಟ್ಟಿ ತಿಕ್ಕುವಾಗ ಒಳಮಗ್ಗುಲಲ್ಲಿ ಬಿಳಿ ದಾರದ ಹೊಲಿಗೆ ಕಂಡಿತು. ಆಕಾಶಬಣ್ಣದ ಬಟ್ಟೆ, ಎರಡೆರಡು ಕಂದು ಗೆರೆ, ಕೊರಳಿಗೆ ಮಾತ್ರ ಬಿಳಿ ದಾರ. ಅದನ್ನು ಹೊಲಿದದ್ದನ್ನು ನಾನು ಕಂಡಿದ್ದೆ. ಅಪ್ಪನ ಅಂಗಿಯ ಕೊರಳಪಟ್ಟಿ ಸವೆದು ಎಳೆ ಬಿಟ್ಟಾಗ ಅವ್ವ ಅದನ್ನು ಬಿಚ್ಚಿ, ಒಳಗಿನ ಮಗ್ಗುಲು ಹೊರಗೆ ಬರುವಂತೆ ತಿರುವಿ ಹೊಲಿದಿದ್ದಳು. ನೀಲಿ ದಾರ ಮುಗಿದಿತ್ತು. ಅಪ್ಪ ಬರೀ ಮೈಮೇಲೆ ಕಂಬಳಿ ಹೊದ್ದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಅವಸರ ಮಾಡುತ್ತಿದ್ದ.

“ಲಗೂ ಮುಗಸ ಮಾರಾಯ್ತಿ, ಹೊಲದಾಗ ಎತ್ತು ಕಟ್ಟಿ ಬಂದೀನಿ.”

“ಅಂಗಿ ಇಲ್ದ ಹೋದ್ರ ಎತ್ತಿಗೇನು ನಾಚಿಕಿ ಬರ್ತದೇನ್ರಿ?”

ಬಾವಿಯ ಕಲ್ಲಿನ ಮುಂದೆ ನಾನು ತಲೆಯೆತ್ತಿ, ಪಕ್ಕದಲ್ಲಿ ಒಗೆಯುತ್ತಿದ್ದ ಅವ್ವನನ್ನು ನೋಡಿದೆ. ಅವಳು ನನ್ನ ಕೈಯಿಂದ ಅಂಗಿ ತೆಗೆದುಕೊಂಡು, ಹಿಂಡಿ, ಕೊರಳು ಒಳಗಾಗುವಂತೆ ಕಲ್ಲಿನ ಮೇಲೆ ಹರವಿದಳು. ವೇಷ ಕಟ್ಟುವ ಕೆಲಸಕ್ಕಾಗಿ ಅವಳು ಆ ಅಂಗಿ ಉಳಿಸಿಕೊಂಡಳೋ, ಆ ಅಂಗಿಗೊಂದು ಜಾಗ ಬೇಕೆಂದು ಈ ಕೆಲಸ ಹಿಡಿದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಹದಿಮೂರು ಬಟ್ಟೆಗಳ ನಡುವೆ ಹದಿನಾಲ್ಕನೆಯದಾಗಿ ಅದು ಮೂರು ವರ್ಷ ನಮ್ಮ ಮನೆಯಲ್ಲಿಯೇ, ಆಯಿಯ ಕಣ್ಣೆದುರಿಗೇ, ತಂತಿಯ ಮೇಲೆ ಒಣಗುತ್ತಿತ್ತು.

ರತ್ನವ್ವನ ಬಗ್ಗೆ ಇಲ್ಲಿ ಹೇಳಬೇಕು. ಅವಳು ನಮ್ಮಿಂದ ಮೂರನೆಯ ಮನೆಯವಳು, ಅವ್ವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು, ಒಬ್ಬ ಮಗಳ ತಾಯಿ. ಅವಳ ಗಂಡ ಸಿದ್ದಪ್ಪ ಸೊಲ್ಲಾಪುರಕ್ಕೆ ಟವೆಲು ನೇಯುವ ಮಗ್ಗದ ಕೆಲಸಕ್ಕೆ ಹೋದವನು ಮೊದಲ ವರ್ಷ ಹಬ್ಬಕ್ಕೆ ಬಂದ, ಎರಡನೆಯ ವರ್ಷ ಮಾತು ಹೇಳಿ ಕಳಿಸಿದ, ಆಮೇಲೆ ಅದೂ ನಿಂತಿತು. ಅವನು ಕೆಲಸ ಮಾಡುತ್ತಿದ್ದ ಜಾಗಕ್ಕೆ ಹೋದವರಿಗೆ ಅಲ್ಲಿ ಬೇರೆಯವರು ಸಿಕ್ಕರು. ನಾಲ್ಕು ವರ್ಷವಾದ ಮೇಲೆ ರತ್ನವ್ವನ ಭಾವ ಮತ್ತು ಮನೆಯ ಹಿರಿಯರು, ಅವನು ಹೋದ ಲೆಕ್ಕವೇ, ಬೂದಿ ಇಲ್ಲದಿದ್ದರೂ ದಿನ ಮಾಡಿ ಮುಗಿಸೋಣ ಎನ್ನಲು ಶುರುಮಾಡಿದ್ದರು. ದಿನ ಮಾಡುವುದೆಂದರೆ ಅವಳ ಕೈಯ ಹಸಿರು ಬಳೆ ಒಡೆಯುವುದು, ಕುಂಕುಮ ಅಳಿಸುವುದು. ಅವಳು ಒಪ್ಪಿರಲಿಲ್ಲ. ಬಾವಿಗೆ ಬಂದಾಗ ಹೆಂಗಸರು ಅವಳ ಕೈ ನೋಡುತ್ತಿದ್ದರು. ಅವಳು ಕೈಗಳನ್ನು ಮುಚ್ಚಿಕೊಳ್ಳದೆ ಕೊಡ ಎತ್ತುತ್ತಿದ್ದಳು.

ಆ ವರ್ಷದ ಗ್ಯಾದರಿಂಗ್ ಒಂದು ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ನಡೆಯಿತು. ಒಂದು ತರಗತಿಯ ಕೋಣೆಯಲ್ಲಿ ನಾನೂ ಅವ್ವನೂ ಮಕ್ಕಳಿಗೆ ವೇಷ ತೊಡಿಸುತ್ತಿದ್ದೆವು. ನನಗೆ ಹನ್ನೊಂದು ದಾಟಿತ್ತು. ಮೊದಲು ಕನ್ನಡದಲ್ಲಿ ರೈತರ ಹಾಡು, ಅದರ ಹಿಂದೆಯೇ ಮರಾಠಿಯಲ್ಲಿ ಒಂದು ನಾಟಕ. ರೈತನಾಗಿದ್ದವಳು ಮಾದೇವಿ ಎಂಬ ನನ್ನ ತರಗತಿಯ ಹುಡುಗಿ. ಧೋತರ, ಅಂಗಿ, ಕರಿ ಜಾಕೀಟು, ತಲೆಗೆ ಟವೆಲು. ನಾಟಕದ ಗೌಡನಿಗೂ ಅದೇ ಜಾಕೀಟು ಬೇಕಿತ್ತು, ನಡುವೆ ಸಮಯವೇ ಇರಲಿಲ್ಲ. ಅವ್ವ ಮೂಲೆಯಲ್ಲಿ ಒಂದು ಮಗುವಿಗೆ ಸೀರೆ ಉಡಿಸುತ್ತಿದ್ದಳು. ನಾನು ಅವಳನ್ನು ಕೇಳದೆ ಮಾದೇವಿಯ ಮೈಯಿಂದ ಜಾಕೀಟು ಬಿಚ್ಚಿ ಗೌಡನ ವೇಷದವನಿಗೆ ತೊಡಿಸಿದೆ. ಮಾದೇವಿಯ ಅಂಗಿಯ ತೋಳು ಮೇಲಕ್ಕೆ ಮಡಿಸಿ, ಕೊರಳಪಟ್ಟಿ ನೆಟ್ಟಗೆ ಮಾಡಿ, ಹೊರಗೆ ಕಳಿಸಿದೆ. ಕೆಲಸ ಸುಗಮವಾಯಿತೆಂದು ನನಗೆ ಹೆಮ್ಮೆ ಎನಿಸಿದ್ದು ನೆನಪಿದೆ. ಆ ಅಂಗಿ ಯಾರದೆಂದು ನನಗೆ ಗೊತ್ತಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು. ಆ ಗಳಿಗೆಯಲ್ಲಿ ಅದು ಮರೆತಿತ್ತೋ, ಇಲ್ಲ ಒಮ್ಮೆಯಾದರೂ ಅದು ಪೂರ್ತಿ ಬಿಸಿಲಿಗೆ ಬರಲಿ ಎಂದು ನನ್ನೊಳಗೆ ಏನೋ ಬಯಸಿತ್ತೋ, ಹೇಳಲಾರೆ.

ಹಾಡು ಅರ್ಧಕ್ಕೆ ಬಂದಿರಬೇಕು. ಹೊರಗೆ ಗದ್ದಲ ಕೇಳಿಸಿತು. ಹಾಡು ನಿಲ್ಲಲಿಲ್ಲ, ಆದರೆ ಮಕ್ಕಳ ದನಿ ಒಂದೊಂದಾಗಿ ಇಳಿಯಿತು. ರತ್ನವ್ವ ಮಾದೇವಿಯ ತೋಳು ಹಿಡಿದುಕೊಂಡು ನಮ್ಮ ಕೋಣೆಗೆ ಬಂದಳು. ಹಿಂದೆ ಹತ್ತು ಹದಿನೈದು ಹೆಂಗಸರು, ಆಯಿಯೂ ಇದ್ದಳು.

“ಕಮಲಕ್ಕಾ, ಇದು ನಮ್ಮವರ ಅಂಗಿ. ಎಲ್ಲಿ ಸಿಕ್ತು ನಿನಗ?”

ಅವ್ವನ ಬಾಯಲ್ಲಿ ಸೀರೆಗೆ ಚುಚ್ಚುವ ಪಿನ್ನು ಇತ್ತು. ಅದನ್ನು ತೆಗೆದು ಕೈಯಲ್ಲಿ ಹಿಡಿದಳು. ಅವಳು ಮಾದೇವಿಯನ್ನು ನೋಡಿದಳು, ಆಮೇಲೆ ಆಯಿಯನ್ನು, ಆಮೇಲೆ ಬಾಗಿಲಲ್ಲಿ ನಿಂತ ತಾಯಂದಿರನ್ನು. ಆ ತಾಯಂದಿರ ಮಕ್ಕಳೆಲ್ಲ ಮೂರು ವರ್ಷ ಸರದಿಯ ಮೇಲೆ ಆ ಅಂಗಿ ತೊಟ್ಟವರೇ, ಆದರೆ ಜಾಕೀಟಿನ ಕೆಳಗಿದ್ದ ಅದನ್ನು ಯಾರೂ ಗುರುತಿಟ್ಟು ನೋಡಿರಲಿಲ್ಲ. ಇದು ಸತ್ತ ನನ್ನ ಗಂಡನ ಅಂಗಿ ಎಂದರೆ ಅದೇ ಗಳಿಗೆಗೆ ಪೇಟಿ ಮುಚ್ಚಿದ ಹಾಗೆ. ಆಯಿಯ ಮನೆಯಲ್ಲಿ ಅವಳಿಗೆ ನಿಲ್ಲುವ ಮುಖವೂ ಇರುತ್ತಿರಲಿಲ್ಲ.

“ಸೊಲ್ಲಾಪುರದಾಗ ತಂದದ್ದವ್ವಾ,” ಎಂದಳು. “ಮಂಗಳವಾರ ಪೇಟಿಯಾಗ.”

“ಯಾವಾಗ?”

“ಹೋದ ವರ್ಷ.”

“ಹೋದ ವರ್ಷ,” ಎಂದಳು ರತ್ನವ್ವ. ಮಾದೇವಿಯ ತೋಳು ಬಿಟ್ಟು ಹಿಂದೆ ತಿರುಗಿ ಎಲ್ಲ ಹೆಂಗಸರಿಗೂ ಕೇಳುವಂತೆ ಹೇಳಿದಳು. “ಕೇಳಿದ್ರೇನು? ಹೋದ ವರ್ಷ ಮಾರ್ಯಾರ. ಅಂದ್ರ ಹೋದ ವರ್ಷ ಇದ್ರು. ಇದ್ದಾರ.”

ಅವಳ ಭಾವ ಆ ದಿನದಿಂದ ಬಳೆಯ ಮಾತು ಎತ್ತಲಿಲ್ಲ. ಊರೂ ಎತ್ತಲಿಲ್ಲ. ಆದರೆ ಮುಂದಿನ ಮಂಗಳವಾರ ರತ್ನವ್ವ ಬೆಳಗಿನ ಬಸ್ಸಿಗೆ ಸೊಲ್ಲಾಪುರಕ್ಕೆ ಹೋದಳು. ಹೋಗುವ ಮೊದಲು ನಮ್ಮ ಪಡಸಾಲೆಯಲ್ಲಿ ಕುಳಿತು ಅವ್ವನನ್ನು ಕೇಳಿದಳು, ಯಾವ ಸಾಲಿನಲ್ಲಿ, ಯಾರ ಹತ್ತಿರ ತಂದದ್ದು ಎಂದು. ಅವ್ವ, ಬೇವಿನ ಗಿಡದ ಕೆಳಗೆ ಒಬ್ಬ ಮುದುಕಿ ಎಂದಳು. ಸಂಜೆ ರತ್ನವ್ವ ಬಂದು, ಗಿಡ ಸಿಕ್ಕಿತು, ಮುದುಕಿ ಸಿಗಲಿಲ್ಲ ಎಂದಳು. ಅದರ ಮುಂದಿನ ವಾರ, ಮುದುಕಿಗೆ ಕನ್ನಡಕ ಇತ್ತೇನು ಎಂದು ಕೇಳಿದಳು. ಅವ್ವ, ನೆನಪಿಲ್ಲ ಎಂದಳು. ಏಳು ಮಂಗಳವಾರ ಹೀಗೆ ಹೋಯಿತು. ಮಂಗಳವಾರ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದ ಸದ್ದು ನನಗೆ ನೆನಪಿದೆ. ರತ್ನವ್ವನ ಹೆಜ್ಜೆ ಅಂಗಳಕ್ಕೆ ಬಂದಾಗ ಅದು ನಿಲ್ಲುತ್ತಿತ್ತು.

ಎಂಟನೆಯ ವಾರ ರತ್ನವ್ವ ಬಂದದ್ದು ಸೋಮವಾರ ಬೆಳಿಗ್ಗೆ. ಆಯಿ ನಡುಮನೆಯಲ್ಲಿ ಮೊರದ ತುಂಬ ಜೋಳ ಹಸನು ಮಾಡುತ್ತಿದ್ದಳು. ನಾನು ಶಾಲೆಗೆ ಹೊರಟಿದ್ದೆ.

“ಅಕ್ಕಾ, ಕುರಿ ಮಾರೇಬಿಡ್ತೀನಿ,” ಎಂದಳು. “ನಾಕೂ. ಮಗಳ್ನ ಕರ್ಕೊಂಡು ಸೊಲ್ಲಾಪುರದಾಗೇ ಒಂದು ಖೋಲಿ ಹಿಡೀತೀನಿ. ಟವೆಲ್ ಮಡಚೂ ಕೆಲಸ ಸಿಗ್ತದಂತ. ದಿನಾ ಹುಡಕಬೌದು. ಆ ಅಂಗಿ ಒಂದು ಕೊಡು, ತೋರಸಾಕ ಬೇಕಾಗ್ತದ.”

ಅವ್ವ ಎದ್ದು ಹಿಂದಿನ ಕೋಣೆಗೆ ಹೋದಳು. ಪೇಟಿಯ ಮುಚ್ಚಳದ ಸದ್ದಾಯಿತು. ಅಂಗಿ ತಂದು ರತ್ನವ್ವನ ಮುಂದೆ ನೆಲದ ಮೇಲೆ ಹರವಿ, ಕೊರಳಪಟ್ಟಿ ಎತ್ತಿ ಒಳಗಿನ ಬಿಳಿ ದಾರ ತೋರಿಸಿದಳು.

“ಈ ಹೊಲಿಗಿ ನಂದು ರತ್ನಾ. ಇದು ನಮ್ಮ ಶೋಭಾನ ಅಪ್ಪಂದು. ಸೊಲ್ಲಾಪುರದಾಗ ತಂದದ್ದಲ್ಲ. ಹುಲಜಂತಿ ಮದವಿ ನೆನಪ ಮಾಡ್ಕೊ,” ಎಂದಳು.

ಹುಲಜಂತಿಯಲ್ಲಿ ಅಪ್ಪನ ಚಿಕ್ಕಪ್ಪನ ಮಗನ ಮದುವೆಯಾದಾಗ ಬೀಗರು ನಮ್ಮ ಕಡೆಯ ಗಂಡಸರಿಗೆಲ್ಲ ಆಯೇರ ಮಾಡಿದ್ದರು, ಅಂದರೆ ಉಡುಗೊರೆಯಾಗಿ ಅಂಗಿ ಬಟ್ಟೆ ಕೊಟ್ಟಿದ್ದರು. ಎಲ್ಲ ಒಂದೇ ಥಾನಿನಿಂದ ಕತ್ತರಿಸಿದ್ದು. ಊರಿಗೆ ಬಂದ ಮೇಲೆ ಎಲ್ಲರೂ ಒಬ್ಬನೇ ದರ್ಜಿಯ ಹತ್ತಿರ ಹೊಲಿಸಿದರು. ಅವರೆಲ್ಲ ಸೇರಿ ಹೋದರೆ ಬ್ಯಾಂಡಿನವರು ಬಂದರೆಂದು ಓಣಿ ನಗುತ್ತಿತ್ತು. ಅಪ್ಪನೂ ಸಿದ್ದಪ್ಪನೂ ಆ ಗುಂಪಿನಲ್ಲಿದ್ದವರೇ. ಇದು ರತ್ನವ್ವನಿಗೆ ಗೊತ್ತಿರದ ಸಂಗತಿಯಲ್ಲ. ಅವಳು ಅಂಗಿಯನ್ನು ಮುಟ್ಟಲಿಲ್ಲ. ತನ್ನ ಎರಡೂ ಮುಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು.

“ಹಂಗಾದ್ರ ಇವು?” ಎಂದಳು. ಬಳೆಗಳನ್ನೇ ಕೇಳಿದ ಹಾಗಿತ್ತು.

ಆಯಿಯ ಮೊರ ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಅವಳು ಕುಳಿತಲ್ಲಿಂದಲೇ ಕೈ ಚಾಚಿದಳು. ಅವ್ವ ಅಂಗಿ ಎತ್ತಿ ಕೊಟ್ಟಳು. ಆಯಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ತೋಳು ಬಿಡಿಸಿ, ಮುಂಗೈ ಗುಂಡಿಯನ್ನು ಹೆಬ್ಬೆರಳಿನಿಂದ ತಿಕ್ಕಿದಳು.

“ನನ್ನ ಮಗಂದು ಮನ್ಯಾಗ ಇಟ್ಟಿ.”

“ಹೂಂರಿ ಅತ್ತಿ.”

“ನಾ ನೋಡ್ಕೋತ ಕೂತೀನಿ. ಹೋತ ಓಡಸ್ಕೋತ.”

ಬೈಗುಳ ಬರುತ್ತದೆ ಎಂದು ನಾನು ಕಾದೆ. ಆಯಿ ಬಹಳ ಹೊತ್ತು ಗುಂಡಿಯನ್ನು ತಿಕ್ಕುತ್ತಲೇ ಇದ್ದಳು. ಆಮೇಲೆ ರತ್ನವ್ವನ ಕಡೆ ತಿರುಗಿದಳು.

“ರತ್ನೀ, ಕುರಿ ಮಾರಬ್ಯಾಡ. ಸೊಲ್ಲಾಪುರಕ್ಕ ಹೋಗಬ್ಯಾಡ. ಇದನ್ನ ತಗೊಂಡು ಮನಿಗಿ ಹೋಗು, ನಿಮ್ಮ ಗೂಟಕ್ಕ ಹಾಕು. ನಿನ್ನ ಭಾವ ಏನರ ಅಂದ್ರ ನನ್ನ ಕಡೆ ಕಳಸು. ನನ್ನ ಮಗನ ಅಂಗಿ ಆದ್ರ ನನಗ ಗುರುತು ಸಿಗೂದಿಲ್ಲೇನು? ಇದು ನನ್ನ ಮಗಂದಲ್ಲ. ಸಿದ್ದಪ್ಪಂದು.”

“ಆಯಿ…”

“ಸಿದ್ದಪ್ಪಂದು ಅಂದೆ. ಕಮಲಾ, ಆ ಬಿಳೆ ದಾರ ತಗದು ನೀಲಿ ಹಾಕಿ ಕೊಡು.”

ಆ ಅಂಗಿಯ ವಿಷಯದಲ್ಲಿ ಅವ್ವನ ಮನಸ್ಸೇನೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳು ಬಾಗಿಲ ಬೆಳಕಿಗೆ ಸರಿದು ಕುಳಿತು, ಬ್ಲೇಡಿನ ತುದಿಯಿಂದ ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದಳು. ನೀಲಿ ದಾರ ಆಗ ಮನೆಯಲ್ಲಿತ್ತು. ಆ ಕೆಲಸಕ್ಕೆ ಹಿಡಿದದ್ದು ಒಂದು ಗಡಿಗೆ ಅನ್ನ ಬೇಯುವಷ್ಟು ಹೊತ್ತು. ಅಷ್ಟು ಹೊತ್ತೂ ರತ್ನವ್ವ ಎದುರಿಗೆ ಕುಳಿತಿದ್ದಳು, ಆಯಿ ಮತ್ತೆ ಮೊರ ಹಿಡಿಯಲಿಲ್ಲ, ನಾನು ಶಾಲೆಗೆ ಹೋಗಲಿಲ್ಲ. ಮುಗಿದ ಮೇಲೆ ಅವ್ವ ಅಂಗಿಯನ್ನು ಮಡಚಿ ರತ್ನವ್ವನ ಕೈಗೆ ಕೊಟ್ಟಳು. ರತ್ನವ್ವ ಹಿತ್ತಲ ದಾರಿ ಬಿಟ್ಟು ಓಣಿಯ ನಡುವೆ, ಅಂಗಿಯನ್ನು ಭುಜದ ಮೇಲೆ ಹಾಕಿಕೊಂಡು ಹೋದಳು.

ಅವ್ವ ವೇಷ ಕಟ್ಟುವುದನ್ನು ನಿಲ್ಲಿಸಲಿಲ್ಲ. ಜಾಕೀಟಿನ ಕೆಳಗೆ ತೊಡಿಸಲು ಸೊಲ್ಲಾಪುರದಿಂದ ಬೇರೊಂದು ಅಂಗಿ ತಂದಳು. ಅದನ್ನು ಅವಳು ಮೇಲೂ ತೊಡಿಸುತ್ತಿದ್ದಳು, ಕೆಳಗೂ ತೊಡಿಸುತ್ತಿದ್ದಳು. ನಾನು ಜಾಕೀಟು ಬಿಚ್ಚಿದ ಮಾತನ್ನು ಅವಳಿಗೆ ಹೇಳಲು ನನಗೆ ಹದಿನೈದು ವರ್ಷ ಬೇಕಾಯಿತು. ಆಗ ನನ್ನ ಮದುವೆಯಾಗಿ ಸೊಲ್ಲಾಪುರದ ವಿಜಾಪುರ ರಸ್ತೆಯ ಮನೆಯಲ್ಲಿದ್ದೆ. ನನ್ನ ಬಾಣಂತನಕ್ಕೆ ಬಂದಿದ್ದ ಅವ್ವ ಕೂಸಿನ ಬಟ್ಟೆ ಮಡಚುತ್ತಿದ್ದಳು.

“ನೀ ಬಿಚ್ಚಿದ್ದು ನಾ ನೋಡಿದ್ದೆ,” ಎಂದಳು.

“ಮತ್ತ ಯಾಕ ತಡೀಲಿಲ್ಲ?”

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು. “ತಡೀಲಿಲ್ಲ,” ಎಂದಳು. ಮಡಚಲು ಇನ್ನೊಂದನ್ನು ಎತ್ತಿಕೊಂಡಳು.

ಸಿದ್ದಪ್ಪ ಬರಲೇ ಇಲ್ಲ. ಆಯಿ ಸಾಯುವವರೆಗೂ ಕೇಳಿದವರಿಗೆಲ್ಲ ಅದೇ ಮಾತು ಹೇಳಿದಳು. ಈಗ ಆಯಿ, ರತ್ನವ್ವ, ಅವ್ವ ಮೂವರೂ ಇಲ್ಲ. ಈ ಮಾತು ಹೊರಗೆ ಹೋದರೆ ಯಾರ ಕೈಯ ಬಳೆಯೂ ಒಡೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಮೂವರಲ್ಲಿ ಆಯಿಯ ನಂತರ ಹೋದವಳು ರತ್ನವ್ವ. ಸುದ್ದಿ ಬಂದ ಬೆಳಿಗ್ಗೆ ನಾನು ವಾಗದರಿ ಮುಟ್ಟಿದಾಗ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಭಾವನೇ ಹಸಿರು ಸೀರೆ ತಂದಿದ್ದ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಓಣಿಯ ಹೆಂಗಸರು ಅರಿಶಿನ, ಕುಂಕುಮ, ಬಳೆ ಹಿಡಿದು ಬರುತ್ತಿದ್ದರು. ಸೆಟೆದ ಮೈಗೆ ಸೀರೆ ಉಡಿಸಲು ಯಾರಿಗೂ ಆಗುತ್ತಿರಲಿಲ್ಲ, ನಿರಿಗೆ ನಿಲ್ಲುತ್ತಿರಲಿಲ್ಲ. ಅದು ಆಗುತ್ತಿದ್ದದ್ದು ಒಬ್ಬಳಿಗೇ. ಆದರೆ ಗಂಡ ಸತ್ತವಳು ಮುತ್ತೈದೆಯ ಕೊನೆಯ ಉಡುಗೆಯನ್ನು ಮುಟ್ಟುವಂತಿರಲಿಲ್ಲ. ಅವ್ವ ಹೊಸ್ತಿಲಾಚೆ ನಿಂತು ನನ್ನನ್ನು ಒಳಗೆ ಕಳಿಸಿದಳು. ಅವಳು ಹೇಳಿದ ಹಾಗೆ ನಾನು ಮೊದಲು ಒಂದು ಹಳೆ ಸೀರೆಯನ್ನು ಮೈಗೆ ಸುತ್ತಿದೆ, ಅದಕ್ಕೆ ಹಸಿರು ಸೀರೆಯ ಒಳ ಅಂಚನ್ನು ಉದ್ದನೆಯ ಕಚ್ಚಾ ಹೊಲಿಗೆಯಿಂದ ಹಿಡಿದೆ, ನಿರಿಗೆ ಕೂಡಿಸಿದೆ, ಸೆರಗನ್ನು ಭುಜದಿಂದ ಇಳಿಸಿ ಮಡಿಲ ಮೇಲೆ ತಂದೆ. ಮುಗಿಯಿತೆಂದು ನಾನು ಕೈ ತೆಗೆದಾಗ ಹೊಸ್ತಿಲಾಚೆಯಿಂದ ಅವ್ವನ ದನಿ ಬಂತು.

“ಶೋಭಾ, ಸೆರಗ ಇನ್ನೊಂದೀಟು ಮ್ಯಾಲ ತಗೋ. ಬಳಿ ಕಾಣ್ಲಿ.”